ರಂಗೋಲಿ ಪುಡಿ ಕೇಳಿದ ಪಕ್ಕದ್ಮನೆ ಮುದುಕ

ಸಿಡ್ನಿಯ ಬ್ಲ್ಯಾಕ್‌ಟೌನಲ್ಲಿ ನಮ್ಮ ಪಕ್ಕದ್ಮನೆ ಬಿಳಿ ಮುದುಕನ ಅಪ್ಪ ಒಲಿಂಪಿಕ್ಸಲ್ಲಿ ರಗ್ಬಿ ಆಡಿ ಪದಕ ತಂದೋನಂತೆ. ಆಮೇಲೆ ಆ ಆಟಾನೇ ಅಲ್ಲಿಂದ ತೆಗೆದುಹಾಕಿದ್ರು. ಮುದುಕ ಬೇಲಿಗೆ ಮೊಣಕೈ ಊರಿ ಒಂದೇ ಮಾತು ಹೇಳೋನು. "ಆ ಆಟ ಮತ್ತೆ ಬರುತ್ತಂತೆ, ಅತ್ತೆ" ಅಂತ ಸೊಸೆ ಕನ್ನಡ ಮಾಡೋಳು.

ಸಿಡ್ನಿಗೆ ಒಲಿಂಪಿಕ್ಸ್ ಸಿಕ್ಕಾಗ ಕುಣಿದ. ಅದರಲ್ಲಿ ರಗ್ಬಿ ಇಲ್ಲ ಅಂತ ಗೊತ್ತಾದ ಮೇಲೆ ಬೇಲಿ ಹತ್ರಾನೇ ಬರಲಿಲ್ಲ.

ಒಂದು ಬೆಳಿಗ್ಗೆ ಮಂಜು ಕವಿದಿತ್ತು. ನಾನು ಹಿಂದಿನ ದಿನದ ರಂಗೋಲಿ ಗುಡಿಸ್ತಿದ್ದೆ. ಯಾಕೆ ಅಳಿಸ್ತೀಯ ಅಂತ ಮುದುಕ ಬೇಲಿಯಾಚೆಯಿಂದ ಸೊಸೆ ಕೈಲಿ ಕೇಳಿಸಿದ.

"ಹೊಸದು ಹಾಕೋಕೆ. ದಿನಾ ಇದ್ದದ್ದೇ ಅಂತ ಹೇಳೇ" ಅಂದೆ ಸೊಸೆಗೆ.

ಬಟ್ಟಲು ತಂದು ಪುಡಿ ಇಸ್ಕೊಂಡ. ತನ್ನ ಅಂಗಳದ ಹುಲ್ಲಿನ ಮೇಲೆ ಬಿಳಿ ಗೆರೆ ಎಳೆದ. ಅಪ್ಪನ ಹಳೇ ರಗ್ಬಿ ಚೆಂಡು ತಬ್ಬಿಕೊಂಡು, ಮಂಜಲ್ಲಿ ತೇಲಿದ ಹಾಗೆ ಓಡಿ, ಗೆರೆಯಾಚೆ ನೆಲಕ್ಕೆ ಒತ್ತಿದ. ರಗ್ಬೀಲಿ ಅಂಕ ಗಳಿಸೋದು ಹಾಗೇ ಅಂತೆ.

ಸಂಜೆ ಮಳೆಗೆ ಗೆರೆ ತೊಳೆದುಹೋಯ್ತು. ಮಾರನೇ ಬೆಳಿಗ್ಗೆ ನಾನು ಏಳೋ ಮೊದಲೇ ಮುದುಕ ಖಾಲಿ ಬಟ್ಟಲು ಹಿಡ್ಕೊಂಡು ಬೇಲಿ ಹತ್ರ ನಿಂತಿದ್ದ.