ಮೇಲ್ಮನೆಯಾಕೆಯ ಸೇಫ್ಟಿಪಿನ್ನು

ಮೊನ್ನೆ ಮಹಡಿ ಮನೆಗೆ ಬಣ್ಣ ಹೊಡೆಸಲೆಂದು ಕರ್ಟನ್ ಇಳಿಸಿದಾಗ, ಪೇಂಟರ್ ಕೆಳಗೆ ಬಂದು ನನ್ನ ಅಂಗೈಗೆ ಒಂದು ಸೇಫ್ಟಿಪಿನ್ ಹಾಕಿದ. "ಅಂಚಲ್ಲಿ ಇದಿತ್ತಮ್ಮ, ಯಾರಿಗಾದ್ರೂ ಚುಚ್ಚೀತು ಅಂತ ತೆಗ್ದೆ." ದೊಡ್ಡ ಪಿನ್ನು. ತುದಿಗೆ ತುಕ್ಕು ಹಿಡಿದಿತ್ತು. ಮೂಗಿನ ಹತ್ತಿರ ಹಿಡಿದರೆ ಹಳೆ ಕಬ್ಬಿಣದ ವಾಸನೆ, ಅಷ್ಟೇ. ಆದರೂ ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಹೊಲಿಗೆ ಬಿಟ್ಟ ಆ ಅಂಚಿಗೆ ಪಿನ್ ಸಿಕ್ಕಿಸಿದ ಕೈ ಯಾರದೆಂದು ನನಗೆ ಗೊತ್ತಿತ್ತು...

ಆರ್.ಟಿ. ನಗರದ ನಮ್ಮ ಮನೆಯ ಮಹಡಿಯಲ್ಲಿ ಆಕೆ ಕೆಲವು ವರ್ಷ ಬಾಡಿಗೆಗಿದ್ದರು. ನಡುವಯಸ್ಸು, ಒಂಟಿ. ಹೆಬ್ಬಾಳದ ಒಂದು ಆಫೀಸಿನಲ್ಲಿ ಉದ್ಯೋಗ. ಬೇರೆಯವರು ಬರೆದ ಕಂಪ್ಯೂಟರ್ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದೇ ಅಲ್ಲಿನ ಕೆಲಸ. ಮೊದಲ ಸಲ ಕೇಳಿದಾಗ ನನಗೆ ನಗು.

"ಇದಕ್ಕೂ ಸಂಬಳ ಕೊಡ್ತಾರೇನಮ್ಮ? ನಮ್ಮತ್ತೆ ಪುಕ್ಕಟೆ ಮಾಡ್ತಿದ್ರಲ್ಲ!"

"ನಿಮ್ಮತ್ತೆ ಎಲ್ಲರ ಮುಂದೆ ಹೇಳ್ತಿದ್ರೇನೋ ಆಂಟಿ. ಅದಕ್ಕೆ ಸಂಬಳ ಇಲ್ಲ."

ಆಕೆಯ ಬಲಗೈ ಬಳೆಗೆ ಯಾವಾಗಲೂ ನಾಲ್ಕಾರು ಸೇಫ್ಟಿಪಿನ್ ನೇತಾಡುತ್ತಿದ್ದವು. ನಮ್ಮ ತಾಯಂದಿರು ಹಾಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಕಾನ್ವೆಂಟಿನ ಸಿಸ್ಟರ್‌ಗಳು ಅದು ಸ್ಲಾಪಿ, ಒಪ್ಪಓರಣವಿಲ್ಲದ್ದು ಎಂದು ನನಗೆ ಆ ಅಭ್ಯಾಸ ಬಿಡಿಸಿಬಿಟ್ಟಿದ್ದರು. ಒಮ್ಮೆ ನಮ್ಮ ಮನೆಯ ಹಾಲ್ ತುಂಬ ನೆಂಟರು ಕೂತಿದ್ದಾಗ ಈಕೆ ಮುಂಬಾಗಿಲು ಬಿಟ್ಟು ಹಿತ್ತಲಿಂದ ಅಡುಗೆಮನೆಗೆ ಬಂದರು. ನಾನು ಏಲಕ್ಕಿ ಪುಡಿ ತೆಗೆದುಕೊಳ್ಳಲು ಒಳಗೆ ಹೋದರೆ, ಕಿವಿಯ ಬಳಿ, "ಬ್ಲೌಸ್ ಹಿಂದೆ ಹರಿದಿದೆ ಆಂಟಿ. ಹಾಗೇ ನಿಂತ್ಕೊಳ್ಳಿ," ಎಂದು ಪಿನ್ ಹಾಕಿ, ಬಂದ ದಾರಿಯಲ್ಲೇ ಹೋದರು. ಹಾಲಿನಲ್ಲಿದ್ದವರಿಗೆ ಆಕೆ ಬಂದದ್ದೂ ತಿಳಿಯಲಿಲ್ಲ. ಆಮೇಲೆ ನಾನು ಥ್ಯಾಂಕ್ಸ್ ಹೇಳಹೋದರೆ ಕೈಯಾಡಿಸಿದರು. "ಸರಿ ಮಾಡ್ಕೋಬಲ್ಲೋರಿಗೆ ಮೊದಲು ಹೇಳ್ಬೇಕು. ನೋಡಿ ನಗೋರಿಗಲ್ಲ."

ಆಗ ನಾನು ಬ್ಯಾಟರಾಯನಪುರದ ಒಂದು ಮಹಿಳಾ ಆಪ್ತಸಲಹಾ ಕೇಂದ್ರದಲ್ಲಿ ಫೋನ್ ಎತ್ತುವ ಸೇವೆ ಮಾಡುತ್ತಿದ್ದೆ. ಕೇಂದ್ರದ ಅಧ್ಯಕ್ಷೆ ಅಲ್ಲಿನ ಹಳೆಯ ಊರಿನ ಮನೆತನದವರು. ಹೊಲವಿದ್ದ ಜಾಗದಲ್ಲಿ ಕಟ್ಟಡ ಎಬ್ಬಿಸಿ, ಅದರ ಕೆಳಅಂತಸ್ತನ್ನು ಕೇಂದ್ರಕ್ಕೆ ಬಾಡಿಗೆಯಿಲ್ಲದೆ ಬಿಟ್ಟುಕೊಟ್ಟಿದ್ದರು. ಅಲ್ಲಿಗೆ ಬರುವ ಹೆಂಗಸರಲ್ಲಿ ಎಷ್ಟೋ ಜನ ಮನೆಯಲ್ಲಿ ಟೈಲರಿಂಗ್ ಕ್ಲಾಸೆಂದು ಹೇಳಿ ಬರುವವರು. ಪಕ್ಕದ ಅಂಗಡಿಯವರು ನೋಡಿಯಾರೆಂದು ದುಪಟ್ಟಾ ಹೊದ್ದು, ಒಳಗೆ ಕೂತ ಮೇಲೂ ತೆಗೆಯದವರು.

ನನ್ನ ಮಾತು ಕೇಳಿ ಕೇಳಿ ಮೇಲ್ಮನೆಯಾಕೆಯೂ ಶನಿವಾರಗಳಲ್ಲಿ ಬರತೊಡಗಿದರು. ಬಂದವರನ್ನು ಮಾತಾಡಿಸುತ್ತಿರಲಿಲ್ಲ, ನೀರು ಕೊಡುವರು, ಫ್ಯಾನ್ ಹಾಕುವರು. ಕೇಂದ್ರಕ್ಕೆ ಒಂದು ಕಂಪ್ಯೂಟರ್ ಪ್ರೋಗ್ರಾಮ್ ಹುಡುಕಿ ಕೊಟ್ಟದ್ದೂ ಆಕೆಯೇ. ಹೆಂಗಸರು ಫೋನ್ ಮಾಡಿ ಸಿಕ್ಕಿಬೀಳುವ ಬದಲು ಮೊಬೈಲಿನಲ್ಲೇ ಸದ್ದಿಲ್ಲದೆ ಅಪಾಯಿಂಟ್‌ಮೆಂಟ್ ಪಡೆಯಬಹುದು. ಓಪನ್ ಸೋರ್ಸ್ ಎಂದರು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಬಲ್ಲವರು ಒಳಗೆ ಕೈ ಹಾಕಿ ರಿಪೇರಿ ಮಾಡಬಹುದು. ಪರದೇಶದಲ್ಲೆಲ್ಲೋ ಇಬ್ಬರು ತಮ್ಮ ಆಫೀಸು ಮುಗಿಸಿಕೊಂಡು ಅದನ್ನು ನೋಡಿಕೊಳ್ಳುತ್ತಿದ್ದರಂತೆ.

ಒಂದು ದಿನ ನನ್ನ ಟ್ಯಾಬಿನಲ್ಲಿ ಅದರ ಬಟನ್ ಎಷ್ಟು ಒತ್ತಿದರೂ ಏನೂ ಆಗಲಿಲ್ಲ. ಪ್ರೋಗ್ರಾಮ್ ಮಾಡಿದವರಿಗೆ ನೀವೇ ಬರೆಯಿರಿ ಎಂದರು ಆಕೆ. ಲೆಟರ್ ರೈಟಿಂಗಿಗೆ ಪ್ರೈಜ್ ಪಡೆದವಳು ನಾನು! ಡಿಯರ್ ಸರ್ಸ್, ಐ ಆಮ್ ಡೀಪ್ಲಿ ಪೇನ್ಡ್ ಟು ಅಬ್ಸರ್ವ್ ಎಂದು ಶುರುಮಾಡಿ ಒಂದು ಪುಟ ಬರೆದೆ. ಆಕೆ ಓದುತ್ತ ಓದುತ್ತ ಸೆರಗು ಬಾಯಿಗೆ ಒತ್ತಿಕೊಂಡರು.

"ಆಂಟಿ, ಎಲ್ಲಾ ಇದೆ. ಯಾವ ಬಟನ್ನು ಅಂತಲೇ ಇಲ್ವಲ್ಲ!"

ಮತ್ತೆ ಕೂರಿಸಿ ಬರೆಸಿದರು. ನಾನು ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು. ಅಷ್ಟೇ. ಪೇನ್ ಬೇಡ, ಅಡ್ಜೆಕ್ಟಿವ್ ಬೇಡ. "ಪಾಪ, ಮಕ್ಕಳನ್ನ ಮಲಗಿಸಿ ಕೂತು ಸರಿಮಾಡೋರು. ಬೈಸ್ಕೊಳ್ಳೋಕೆ ಕೂತಿಲ್ಲ." ಇಂಥ ದೂರನ್ನು ಎಲ್ಲರೂ ನೋಡುವ ಬೋರ್ಡಿಗೆ ಹಾಕಬಹುದಂತೆ. ಆದರೆ ಕಳ್ಳ ನುಗ್ಗುವಂಥ ತೂತು ಕಂಡರೆ ಮಾತ್ರ ಬೋರ್ಡಿಗೆ ಹಾಕಬಾರದು. ಮಾಡಿದವರಿಗೆ ಮಾತ್ರ ಗುಟ್ಟಾಗಿ ಬರೆದು, ಅವರು ಮುಚ್ಚುವವರೆಗೆ ಸುಮ್ಮನಿರಬೇಕು. "ಹಿತ್ತಲ ಬಾಗಿಲಿಗೆ ಹೋಗೋದು ಅಂತಿಟ್ಕೊಳ್ಳಿ," ಎಂದು ನಕ್ಕರು.

ಆಮೇಲೊಂದು ಸಂಜೆ ಅದೇ ಹಿತ್ತಲ ಬಾಗಿಲಿಗೆ ಬಂದರು. ಕಾಫಿ ಬೇಡವೆಂದರು. ಎಂದೂ ಕಾಫಿ ಬೇಡವೆಂದವರಲ್ಲ ಆಕೆ.

"ಆಂಟಿ, ಕೂತ್ಕೊಳ್ಳಿ. ಸೆಂಟರಿನ ಪ್ರೋಗ್ರಾಮ್ ಟೆಸ್ಟ್ ಮಾಡ್ತಿದ್ದೆ. ವೆಬ್ ವಿಳಾಸದ ಕೊನೇಲಿ ಒಂದು ಅಂಕಿ ತಪ್ಪಾಗಿ ಹೊಡೆದೆ. ಬೇರೆಯವರ ಪುಟ ತೆರ್ಕೊಂಡ್ಬಿಡ್ತು. ಅದು... ನಿಮ್ದು. ಹೆಸರು ಕಂಡ ತಕ್ಷಣ ಮುಚ್ಚಿದೆ. ಕೆಳಗೇನೂ ಓದ್ಲಿಲ್ಲ. ಆದ್ರೆ ನಿಮಗೆ ಹೇಳ್ಬೇಕಲ್ಲ."

ನಮ್ಮವರು ತೀರಿಕೊಂಡ ಮೇಲೆ ನನಗೆ ಊಟ ಸೇರುತ್ತಿರಲಿಲ್ಲ. ಫೋನಿನಲ್ಲಿ ಊರವರಿಗೆಲ್ಲ ಧೈರ್ಯ ಹೇಳುವ ನಾನು, ಸಲಹೆಗಾರ್ತಿಯೊಬ್ಬರನ್ನು ಬಿಟ್ಟು ಯಾರಿಗೂ ತಿಳಿಯದಂತೆ, ನಮ್ಮದೇ ಕೇಂದ್ರದಲ್ಲಿ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೆ.

"ನಿಮ್ದು ನಾನ್ ನೋಡಿದೆ, ಸರಿ. ಟೈಲರಿಂಗ್ ಕ್ಲಾಸ್ ಅಂತ ಬರೋಳದ್ದು ಅವಳ ಗಂಡ ನೋಡಿದ್ರೆ?" ಎಂದರು.

ಆಕೆ ಆಗಲೇ ಅಧ್ಯಕ್ಷೆಗೆ ಫೋನ್ ಮಾಡಿ ಕೇಂದ್ರದ ಪುಟ ಮುಚ್ಚಿಸಿದ್ದರು. ಮಾಡಿದವರಿಗೆ ಗುಟ್ಟಾಗಿ ಬರೆದೂ ಆಗಿತ್ತು. ಉತ್ತರವೂ ಬಂದಿತ್ತು: ಸಿಕ್ಕಿದೆ, ಸರಿಮಾಡಲು ಕಾಲಾವಕಾಶ ಬೇಕು. "ನಮ್ಮ ಬಾಗಿಲು ಹಾಕಿದ್ವಿ. ಇದೇ ಬೀಗ ಬೇರೆ ಊರಲ್ಲಿ ಎಷ್ಟು ಬಾಗಿಲಿಗಿದ್ಯೋ. ಅವರು ಸರಿಮಾಡೋವರ್ಗೂ ತೂತು ಎಲ್ಲಿದೆ ಅಂತ ನಾನು ಯಾರಿಗೂ ಹೇಳಲ್ಲ. ನೀವೂ ಹೇಳ್ಬೇಡಿ." ಅಧ್ಯಕ್ಷೆಗೂ ಬೇಡವೇ ಎಂದೆ. ಇಬ್ಬರಿಗೂ ಅದಕ್ಕೆ ಉತ್ತರ ಗೊತ್ತಿತ್ತು. ಆ ತಾಯಿಯ ಕಿವಿಗೆ ಬಿದ್ದದ್ದು ಕಾಫಿ ಆರುವುದರೊಳಗೆ ವಾಟ್ಸಾಪ್ ಗ್ರೂಪಿನಲ್ಲಿರುತ್ತಿತ್ತು.

ಕಮಿಟಿ ಮೀಟಿಂಗಿನ ದಿನ ಅಧ್ಯಕ್ಷೆ ಕೂರಲೇ ಇಲ್ಲ. ಹೊಸ ವ್ಯವಸ್ಥೆಯನ್ನು ದೇಣಿಗೆ ಕೊಡುವವರಿಗೆಲ್ಲ ತೋರಿಸಿ ಹೆಮ್ಮೆಪಟ್ಟಿದ್ದವರು. "ತಂದೋರೂ ನೀವೆ, ಮುಚ್ಚಿ ಅಂದೋರೂ ನೀವೆ. ಮುಚ್ಚಿದ್ವಿ. ಈಗ ಯಾಕೆ ಅಂತ ಏಳಮ್ಮ!"

"ಸರಿಯಾದ ಮೇಲೆ ಎಲ್ಲಾ ಹೇಳ್ತೀನಿ ಮೇಡಂ. ಈಗ ಆಗಲ್ಲ."

"ನೀವು ಯಾರ್ದಾದ್ರೂ ಎಸರು ನೋಡಿದ್ರಾ?"

ಸುಳ್ಳು ಹೇಳಬಹುದಿತ್ತು. "ಒಂದು ಹೆಸರು ನೋಡಿದೆ," ಎಂದರು.

"ಯಾರ್ದು?"

"ಅದನ್ನ ಹೇಳಲ್ಲ."

ಅಧ್ಯಕ್ಷೆಯದು ಕೋಪವಲ್ಲ, ನಿಜವಾದ ಸಂಕಟ. "ಎಣ್ಮಕ್ಳು ನನ್ನ ನಂಬ್ಕಂಡು ಬತ್ತಾರೆ. ಅವರ ಎಸರು ಇನ್ಯಾರೋ ನೋಡವ್ರೆ ಅಂದ್ರೆ ನಾನು ಇನ್ನೆಂಗಮ್ಮ ಮಕ ತೋರ್ಸ್ಲಿ?"

ಹಿಂದಿನ ಸಾಲಿನಿಂದ ಯಾರೋ, "ಕದ್ದು ಓದೋ ಚಾಳಿ ಇದ್ದೋರಿಗೆ ಸೇವೆ ಯಾಕ್ರೀ?" ಎಂದರು. ಮೇಲ್ಮನೆಯಾಕೆ ಬಳೆಯ ಪಿನ್ನುಗಳನ್ನು ಒಂದೊಂದಾಗಿ ಸರಿಸುತ್ತ ಕೂತಿದ್ದರು. ನನಗೆ ಕೂರಲಾಗಲಿಲ್ಲ. ಎದ್ದು ನಿಂತು, "ಅವರು ನೋಡಿದ್ದು ನನ್ನ ಹೆಸರು. ನಾನೂ ಇಲ್ಲಿ ಅಪಾಯಿಂಟ್‌ಮೆಂಟ್ ತಗೊಂಡಿದ್ದೆ. ನೋಡಿದ ದಿನವೇ ಮನೆಗೆ ಬಂದು ಹೇಳಿದ್ರು," ಎಂದೆ. ಯಾರದೋ ತಟ್ಟೆಯಲ್ಲಿ ಉಪ್ಪಿಟ್ಟಿನ ಚಮಚ ಸದ್ದಾಗಿ ನಿಂತಿತು.

"ನೀವಾ? ನಿಮಗ್ ಏನಾಗಿತ್ತಮ್ಮ?" ಅಧ್ಯಕ್ಷೆ ನನ್ನನ್ನೇ ನೋಡಿದರು. ನಾನು ಸೆರಗು ಹೊದ್ದು ಕೂತೆ.

ನಾನು ಎದ್ದು ಹೇಳಿದ್ದರಿಂದ ಆಕೆ ಕದ್ದು ಓದಿದವರಲ್ಲ ಎಂದು ಕೆಲವರಿಗಾದರೂ ಅನ್ನಿಸಿರಬೇಕು. ಆದರೆ ಹೇಗೆ ಕಂಡಿತೆಂದು ಹೇಳದವರನ್ನು ಇಟ್ಟುಕೊಳ್ಳುವುದು ಹೇಗೆ? ಎಲ್ಲ ತಿಳಿಯಾಗುವವರೆಗೆ ಬರುವುದು ಬೇಡವೆಂದು ತೀರ್ಮಾನವಾಯಿತು. ಆಕೆ ಕೇಂದ್ರದ ಬೀಗದ ಕೈ ಮೇಜಿನ ಮೇಲಿಟ್ಟರು. ಹೊರಡುವ ಮುಂಚೆ ಯಾರೂ ಕೂರದ ಮೂಲೆಯ ಫ್ಯಾನ್ ಆರಿಸಿದರು.

ಹಿಂದಿರುಗುವಾಗ ಹೆಬ್ಬಾಳದ ಫ್ಲೈಓವರ್ ಮೇಲೆ ನಮ್ಮ ಆಟೋ ನಿಂತೇಬಿಟ್ಟಿತು. ಆಕೆ ಕೆರೆಯ ಕಡೆ ನೋಡುತ್ತಿದ್ದರು.

"ಯಾಕೆ ಹೇಳಿದ್ರಿ ಆಂಟಿ? ನಿಮ್ಮದು ನಿಮ್ಮ ಹತ್ರವೇ ಇರ್ಬೇಕಿತ್ತು."

"ನನ್ನ ಹೆಸರು ಕಣಮ್ಮ. ನಾನು ಹೇಳ್ದೆ."

ಆಕೆ ಮುಖ ತಿರುಗಿಸದೆ, "ಇಂಥದೇ ಒಂದು ಬಾಗಿಲು ನಾನೂ ತಟ್ಟಿದ್ದೆ, ಒಂದ್ಸಲ. ಬೇರೆ ಊರಲ್ಲಿ. ಅಲ್ಲಿಂದ ವಿಷಯ ಮನೆಗೆ ಹೋಯ್ತು..." ಎಂದರು. ಅಷ್ಟೇ ಹೇಳಿದ್ದು. ಮುಂದಿನ ಆಟೋ ಚಲಿಸಿತು, ನಮ್ಮದೂ ಚಲಿಸಿತು.

ಆಮೇಲೆ ಆಕೆಯ ಕಾಂಟ್ರಾಕ್ಟ್ ಮುಗಿದು ಹೈದರಾಬಾದಿನಲ್ಲಿ ಕೆಲಸ ಸಿಕ್ಕಿತು. ಮನೆ ಖಾಲಿ ಮಾಡುವ ದಿನ ಕೇಂದ್ರದವರು ಯಾರೂ ಬರಲಿಲ್ಲ. ನಾನೊಬ್ಬಳೇ ಗೇಟಿನಲ್ಲಿ ನಿಂತು ಕೈ ಬೀಸಿದೆ. ಸ್ವಲ್ಪ ತೆಳ್ಳಗಾಗಿದ್ದೀರಲ್ಲ ಎಂದದ್ದಕ್ಕೆ, ಪ್ಯಾಕಿಂಗ್ ಆಂಟಿ ಎಂದರು. ಬ್ಲೌಸಿನ ಎರಡೂ ತೋಳಿಗೆ ಪಿನ್ ಹಾಕಿ ಬಿಗಿಮಾಡಿಕೊಂಡಿದ್ದರು. ನೋಡಿದೆ... ಸ್ಟೈಲ್ ಎಂದುಕೊಂಡೆನೋ ಏನೋ.

ಪ್ರೋಗ್ರಾಮಿನವರು ತೂತು ಮುಚ್ಚಿದ ಕೆಲವು ದಿನಕ್ಕೆ ಹೈದರಾಬಾದಿನಿಂದ ಆಕೆಯ ಫೋನ್ ಬಂತು. "ಆಂಟಿ, ಎಲ್ಲರೂ ಹೊಸದು ಹಾಕ್ಕೊಂಡಿದ್ದಾರೆ. ಈಗ ಹೇಳ್ಬಹುದು. ಮೊದಲು ಅಧ್ಯಕ್ಷರಿಗೆ ಹೇಳಿ." ದನಿಯಲ್ಲಿ ಹಬ್ಬ ಇತ್ತು. ನಾನು ಆಟೋ ಹಿಡಿದು ಬ್ಯಾಟರಾಯನಪುರಕ್ಕೆ ಓಡಿದೆ. ಬೇರೆ ಊರುಗಳ ಬಾಗಿಲಿಗೂ ಇದೇ ಬೀಗವಿದ್ದದ್ದನ್ನು ವಿವರಿಸಿ, ಹೊಸ ಆವೃತ್ತಿಯ ಜೊತೆ ಬಂದ ಟಿಪ್ಪಣಿಯನ್ನು ಓದಿ ಹೇಳಿದೆ: ಜವಾಬ್ದಾರಿಯಿಂದ ತಿಳಿಸಿ ಕಾದ, ಹೆಸರು ಬೇಡವೆಂದ ಒಬ್ಬರಿಗೆ ಕೃತಜ್ಞತೆ. ಅಧ್ಯಕ್ಷೆ ಕುರ್ಚಿಗೆ ಒರಗಿದರು. "ಅಯ್ಯೋ ಶಿವನೆ... ಬೇರೆ ಊರ್ ಎಣ್ಮಕ್ಳಿಗೋಸ್ಕರ ನನ್ ಕೈಲಿ ಮಾತು ಕೇಳ್ಕಂಡ್ ಕೂತಿದ್ರಾ? ಕರೀರಮ್ಮ ಅವರ್ನ. ಎಲ್ಲರ ಮುಂದೆ ಬೈದೋಳು, ಎಲ್ಲರ ಮುಂದೇನೇ ತೆಪ್ಪಾಯ್ತು ಅಂತೀನಿ."

ಕರೆದೆವು. ಮುಂದಿನ ತಿಂಗಳು ಬರ್ತೀನಿ ಆಂಟಿ ಎಂದರು. ಆಮೇಲೆ ಹಬ್ಬ ಕಳೆಯಲಿ ಎಂದರು. ಆಮೇಲೆ ಮೆಸೇಜು ಮಾತ್ರ. ಕಡೆಗೆ ಆಕೆ ಹೋಗಿಬಿಟ್ಟರೆಂದು ತಂಗಿಯ ಫೋನ್ ಬಂತು. ಕಾಯಿಲೆ ನಮ್ಮ ಮಹಡಿಯಲ್ಲಿದ್ದಾಗಲೇ ಶುರುವಾಗಿತ್ತಂತೆ. ಯಾರಿಗೂ ಹೇಳಿರಲಿಲ್ಲ.

ಎಲ್ಲರ ಹರಿದದ್ದೂ ಆಕೆಯ ಕಣ್ಣಿಗೆ ಬೀಳುತ್ತಿತ್ತು. ಆಕೆಯ ಹಿತ್ತಲ ಬಾಗಿಲಿಗೆ ಹೋಗಿ ಕಿವಿಯಲ್ಲಿ ಕೇಳುವವರು ಒಬ್ಬರೂ ಇರಲಿಲ್ಲವೇ... ಮಹಡಿಗೆ ಹಿತ್ತಲ ಬಾಗಿಲೇ ಇಲ್ಲ. ಇದ್ದದ್ದು ಒಂದು ಮೆಟ್ಟಿಲು. ಮಂಡಿನೋವೆಂದು ನಾನು ಹತ್ತುತ್ತಿದ್ದದ್ದು ಅಪರೂಪ.

ಅಧ್ಯಕ್ಷೆ ಆಕೆಗೆಂದು ತೆಗೆದ ಇಳಕಲ್ ಸೀರೆ, ಫಾಲ್ ಹೊಲಿಸಿಟ್ಟದ್ದು, ಕೇಂದ್ರದ ಬೀರುವಿನಲ್ಲಿ ಇನ್ನೂ ಇದೆ. ಯಾರಿಗೂ ಕೊಡಲು ಅವರಿಗೆ ಮನಸ್ಸಿಲ್ಲ.

ಈ ವಾರ ಅದೇ ಪ್ರೋಗ್ರಾಮಿನಲ್ಲಿ ನನಗೊಂದು ಸಣ್ಣ ತಪ್ಪು ಸಿಕ್ಕಿತು. ನನ್ನಂಥ ಮುದುಕಿಯರು ಅಕ್ಷರ ದೊಡ್ಡದು ಮಾಡಿಕೊಂಡರೆ ತಾರೀಖಿನ ಅರ್ಧ ಕಾಣುವುದಿಲ್ಲ. ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು ಎಂದಷ್ಟೇ ಬರೆದೆ. ಎರಡೇ ದಿನಕ್ಕೆ ಉತ್ತರ ಬಂತು: ವರದಿ ಬಹಳ ಸ್ಪಷ್ಟವಾಗಿದೆ, ಕೃತಜ್ಞತೆಯ ಸಾಲಿನಲ್ಲಿ ಯಾವ ಹೆಸರು ಹಾಕೋಣ?

ಆಕೆಯ ಹೆಸರನ್ನು ಟೈಪ್ ಮಾಡಿದೆ. ಪೂರ್ತಿ ಹೆಸರು, ಇನಿಶಿಯಲ್ ಸಮೇತ. ಸ್ವಲ್ಪ ಹೊತ್ತು ನೋಡಿದೆ. ಆಮೇಲೆ ಅಳಿಸಿ, ಹೆಸರು ಬೇಡ ಎಂದು ಕಳಿಸಿದೆ. ಇಲ್ಲೂ ಬರೆಯುತ್ತಿಲ್ಲ.

ಪಿನ್ನಿನ ತುಕ್ಕನ್ನು ಹುಣಸೆಹಣ್ಣಿನಲ್ಲಿ ಉಜ್ಜಿ ಬಳೆಗೆ ಸಿಕ್ಕಿಸಿಕೊಂಡಿದ್ದೇನೆ. ಸ್ಲಾಪಿ, ಐ ನೋ. ಆಕೆ ಇದ್ದಿದ್ದರೆ ಇಷ್ಟು ಹೊತ್ತಿಗೆ ಹಿತ್ತಲಿಂದ ಬಂದು, ಕಳಿಸಿದ ವರದಿಯಲ್ಲಿ ನಾನು ಬಿಟ್ಟ ಯಾವುದೋ ತಪ್ಪನ್ನು ಕಿವಿಯಲ್ಲಿ ಹೇಳುತ್ತಿದ್ದರು. ಮಹಡಿಯಲ್ಲಿ ಹೊಸ ಬಣ್ಣದ ವಾಸನೆ. ಹಿತ್ತಲ ಬಾಗಿಲಿನ ಚಿಲಕ ನಾನು ಇನ್ನೂ ಹಾಕಿಲ್ಲ...