ಬೇಸಿಗೆಯ ಪತ್ರೊಡೆ

ಆ ಸದ್ದು ಕೆಳಗಿನ ಕೇರಿಯವರಿಗೂ ಕೇಳಿಸಿತಂತೆ. ನನಗೆ ಕೇಳಿಸಲಿಲ್ಲ.

ಕೊಟ್ಟಿಗೆಗೆ ಹಾಸಲು ಮನೆ ಹಿಂದಿನ ಗುಡ್ಡದಲ್ಲಿ ದರಗು ಗುಡಿಸುತ್ತಿದ್ದೆ. ಒಣಗಿ ಉದುರಿದ ಎಲೆಗೆ ನಾವು ಹಾಗನ್ನುತ್ತೇವೆ. ಹೆಡಿಗೆ ತುಂಬಿದ ಮೇಲೆ ಕೈಯಲ್ಲಿ ಅದುಮಿ ಇನ್ನಷ್ಟು ಹಿಡಿಸುವುದು ಅರಳಸುರಳಿ ಕಡೆಯ ಹೆಂಗಸರೆಲ್ಲರ ರೂಢಿ. ನಾನೂ ಅದುಮಿದೆ. ಮುಖಕ್ಕೆ ಯಾರೋ ಕಾದ ಮರಳು ಎರಚಿದ ಹಾಗಾಯಿತು. ಎಚ್ಚರವಾದಾಗ ನೆಲದ ಮೇಲೆ ಬಿದ್ದಿದ್ದೆ. ಎಡಗೈಯ ಎರಡು ಬೆರಳು ಎತ್ತಲೋ ತಿರುಗಿಕೊಂಡಿದ್ದವು. ಬಲಗಣ್ಣು ತೆರೆಯಲಾಗಲಿಲ್ಲ. ಹೊರಗೆ ಒಂದು ಸದ್ದೂ ಇಲ್ಲ. ತಲೆಯೊಳಗೆ ಮಾತ್ರ ಜೀರುಂಡೆ ಕೂಗುತ್ತಿತ್ತು.

ಅದು ಕಾಡುಹಂದಿಗೆ ಇಟ್ಟ ಉಂಡೆ, ದರಗಿನ ಜೊತೆ ಹೆಡಿಗೆ ಸೇರಿತ್ತು. ಕಚ್ಚಿದರೆ ಸಿಡಿಯುವ ಮದ್ದು. ಇಟ್ಟವನು ನನ್ನ ಮೈದುನ ಉಮೇಶ.

ಸಂಜೆ ಇಟ್ಟು ಬೆಳಿಗ್ಗೆ ಎತ್ತಿಕೊಂಡು ಬರುತ್ತೇವೆ, ಯಾರಿಗೂ ಏನೂ ಆಗುವುದಿಲ್ಲ ಎಂಬುದು ಇಡುವವರೆಲ್ಲರ ಮಾತು. ಆ ಬೆಳಿಗ್ಗೆ ಅವನಿಗೆ ಒಂದು ಉಂಡೆ ಸಿಕ್ಕಿರಲಿಲ್ಲ. ಸಿಗಲಿಲ್ಲ ಎಂದು ಯಾರಿಗೂ ಹೇಳಲೂ ಇಲ್ಲ. ನಾನು ಹೆಡಿಗೆ ಎತ್ತಿಕೊಂಡು ಗುಡ್ಡಕ್ಕೆ ಹೊರಟಾಗ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ನನ್ನನ್ನು ನೋಡಿಯೂ ಸುಮ್ಮನಿದ್ದ.

ಮನೆಗೆ ಎತ್ತಿ ತಂದ ಮೇಲೆ ಅತ್ತೆ ಗಾಯಕ್ಕೆ ಕಾಫಿಪುಡಿ ಒತ್ತಿದರು. ತಪ್ಪೇ, ಆದರೆ ಗಾಬರಿಯಲ್ಲಿ ಪ್ರೀತಿಯಿಂದ ಮಾಡಿದ್ದು. ಅದಕ್ಕೆ ಬೈಯುವುದಿಲ್ಲ. ಆಮೇಲೆ ನನ್ನ ನೈಟಿ ಬಿಚ್ಚಿ, ಮೈ ಒರೆಸಿ, ಸೀರೆ ಉಡಿಸಿದರು. ರಕ್ತ ಸುರಿಯುತ್ತಿರುವವಳಿಗೆ ಸೀರೆ! ಅದೂ ನೆರಿಗೆ ಹಿಡಿದು! ಆಸ್ಪತ್ರೆಗೆ ಹೋಗುವಾಗ ಮರ್ಯಾದೆಯಾಗಿ ಕಾಣಲಿ ಎಂದಿರಬೇಕು ಅಂದುಕೊಂಡೆ. ನೈಟಿ ಮದ್ದಿನ ವಾಸನೆ ಹೊಡೆಯುತ್ತಿತ್ತು ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ.

ತೀರ್ಥಹಳ್ಳಿಯ ಆಸ್ಪತ್ರೆಯಲ್ಲಿ ಎಲ್ಲರ ಬಾಯಿ ಆಡುತ್ತಿತ್ತು. ಡಾಕ್ಟರದು, ನನ್ನ ಗಂಡನದು, ಉಮೇಶನದು. ಡಾಕ್ಟರು ನನ್ನ ಕಡೆ ಬಗ್ಗಿ ಏನೋ ಕೇಳಿದರು. ಹೂಂ ಅನ್ನು ಎಂದು ಇವರು ಸನ್ನೆ ಮಾಡಿದರು. ಕೋಲೆಬಸವನ ಹಾಗೆ ತಲೆಯಾಡಿಸಿದೆ.

ಕೈ ತೊಳೆದು ಬ್ಯಾಂಡೇಜ್ ಸುತ್ತಿದರು. ಟಿಟಿ ಚುಚ್ಚಿದರು. ಕಣ್ಣಿಗೆ ಡ್ರಾಪ್ಸ್ ಬಿಟ್ಟು ಮುಚ್ಚಿದರು. ಮುರಿದ ಬೆರಳಿನ ಆಪರೇಷನ್‌ಗೆ ಶಿವಮೊಗ್ಗಕ್ಕೆ ಬರೆದುಕೊಟ್ಟರು. ಆಂಬುಲೆನ್ಸ್ ಮಂಡಗದ್ದೆ ದಾಟುವಾಗ ಇವರು ನನ್ನ ಹಣೆ ಸವರುತ್ತಿದ್ದರು. ಇಂಥ ಗಂಡ ಸಿಗಲು ಪುಣ್ಯ ಮಾಡಿದ್ದೆ ಅನ್ನಿಸಿ ಅಳು ಬಂತು. ಆ ಅಳು ನೆನಪಾದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಶಿವಮೊಗ್ಗದಲ್ಲಿ ಬೆರಳಿಗೆ ಕಂಬಿ ಹಾಕಿದರು. ಕೈ ನೋವು ಇಳಿಯಿತು. ಕಣ್ಣಿನದು ಏರುತ್ತಲೇ ಹೋಯಿತು. ಆವಿ ಬಡಿದ ಕಣ್ಣು, ಮೆಲ್ಲಗೆ ವಾಸಿಯಾಗುತ್ತದೆ ಎಂದು ಅಲ್ಲಿನ ಡಾಕ್ಟರುಗಳು ಅಂದುಕೊಂಡಿದ್ದರು. ಅವರಿಗೆ ಗೊತ್ತಿದ್ದದ್ದು ಅಷ್ಟೇ. ನನಗೆ ಅಷ್ಟೂ ಗೊತ್ತಿರಲಿಲ್ಲ. ಆಮೇಲೆ ಒಂದು ದಿನ ಎಡಗಿವಿಯಲ್ಲಿ, ನೀರಿನೊಳಗಿಂದ ಬಂದಂತೆ, ಮಾತು ಕೇಳತೊಡಗಿತು. ವಾರ್ಡಿನ ನರ್ಸ್ ದಾವಣಗೆರೆ ಕಡೆಯವಳು, ದೊಡ್ಡ ಗಂಟಲು. ಕಿವಿಗೆ ಬಾಯಿಟ್ಟು ಕೂಗಿದಳು.

"ಅಕ್ಕಾರೇ, ಕುಕ್ಕರ್ ಯಾಕ್ ಸಿಡೀತ್ರೀ? ವಿಶಲ್ ಕಟ್ಟಿತ್ತೇನು?"

"ಯಾವ ಕುಕ್ಕರ್?"

"ಪತ್ರೊಡೆ ಬೇಯಾಕ್ ಇಟ್ಟಿದ್ರಂತಲ್ರೀ! ಗಾಯದಾಗೆಲ್ಲ ಎಲೆ ಚೂರು ಇತ್ತಂತೆ. ನಿಮ್ ಯಜಮಾನ್ರೇ ಹೇಳಿದ್ರು."

ಪತ್ರೊಡೆ.

ಮಳೆ ಹಿಡಿದ ಮೇಲೆ ಚಿಗುರುವ ಕೆಸುವಿನ ಎಲೆಗೆ ಹಿಟ್ಟು ಹಚ್ಚಿ, ಸುರುಳಿ ಸುತ್ತಿ ಬೇಯಿಸುವ ತಿಂಡಿ. ಈ ಬಿರುಬೇಸಿಗೆಯಲ್ಲಿ ಕೆಸು ಎಲ್ಲಿತ್ತು? ಬಯಲುಸೀಮೆಯಿಂದ ಬಂದ ಡಾಕ್ಟರಿಗೆ ಅದು ಗೊತ್ತಿಲ್ಲದಿರಬಹುದು. ಇವರಿಗೆ? ಮದುವೆಯಾದಾಗಿನಿಂದ ನನ್ನ ಕೈಯ ಪತ್ರೊಡೆ ತಿಂದು ಡರ್ರನೆ ತೇಗಿದ ಮನುಷ್ಯನಿಗೆ, ಅದನ್ನು ಯಾವ ಕಾಲದಲ್ಲಿ ಮಾಡುತ್ತಾರೆ ಎಂಬ ಅಂದಾಜೂ ಇಲ್ಲ! ಗಾಯದಲ್ಲಿದ್ದ ದರಗಿನ ಚೂರಿಗೆ ಬಾಯಿಗೆ ಬಂದ ಕತೆ ಕಟ್ಟಿದ್ದಾರೆ. ನಾನು ಅದಕ್ಕೆ ತಲೆಯಾಡಿಸಿದ್ದೇನೆ.

"ಕುಕ್ಕರ್ ಅಲ್ಲ! ಹಂದಿ ಉಂಡೆ! ಮದ್ದು!" ಎಂದು ಕಿರುಚಿದೆ. ಕಿವುಡಿಗೆ ತನ್ನ ದನಿಯ ಅಳತೆ ಎಲ್ಲಿ ಗೊತ್ತಾಗುತ್ತದೆ? ಇಡೀ ವಾರ್ಡು ಎದ್ದು ಕೂತಿತು. ಇವರು ಗಂಜಿಯ ಡಬ್ಬಿ ಹಿಡಿದು ಬಾಗಿಲಲ್ಲೇ ನಿಂತರು.

ಆಮೇಲೆ ಎಲ್ಲರೂ ಓಡಾಡತೊಡಗಿದರು. ಎದೆಯ ಎಕ್ಸ್‌ರೇ. ಕಿವಿ ಪರೀಕ್ಷೆ. ಕಣ್ಣಿನ ಸ್ಕ್ಯಾನ್. ಎರಡೂ ಕಿವಿಯ ತಮಟೆ ಹರಿದಿತ್ತು. ಬಲಗಣ್ಣಿನೊಳಗೆ ಒಂದು ಕಲ್ಲಿನ ಚೂರು ಕೂತು ಕೀವು ಕಟ್ಟುತ್ತಿತ್ತು.

"ಕುಕ್ಕರ್ ಅಂದ್ರೆ ಸುಟ್ಟ ಗಾಯ ನೋಡ್ತೀವಮ್ಮ," ಎಂದರು ಕಣ್ಣಿನ ಡಾಕ್ಟರು, ಎಡಗಿವಿಯ ಹತ್ತಿರ, ಬಿಡಿಸಿ ಬಿಡಿಸಿ. "ಮದ್ದು ಅಂದ್ರೆ ಒಳಗೆ ಹೊಕ್ಕಿದ್ದನ್ನ ಹುಡುಕ್ತೀವಿ."

"ಮೊದ್ಲೇ ಹೇಳಿದ್ರೆ ಕಣ್ಣು ಉಳೀತಿತ್ತಾ?"

"ಇನ್ನಷ್ಟು ಉಳೀತಿತ್ತು," ಎಂದರು.

ಅಂದೇ ಆಪರೇಷನ್ ಆಯಿತು. ಗುಡ್ಡೆ ಉಳಿಯಿತು. ಅದರಲ್ಲಿ ಈಗ ಬೆಳಕು, ನೆರಳು ಕಾಣುತ್ತದೆ. ಮುಖ ಕಾಣುವುದಿಲ್ಲ. ನಾನು ಊರಿನ ಹೆಂಗಸರಿಗೆ ರವಿಕೆ ಹೊಲಿಯುವವಳು. ಸೂಜಿಗೆ ದಾರ ಪೋಣಿಸಲು ಹೋದರೆ ದಾರ ಎಲ್ಲೋ, ಸೂಜಿ ಎಲ್ಲೋ.

ಪೊಲೀಸರು ಹೇಳಿಕೆಗೆ ಬರುವ ಮೊದಲು ಅತ್ತೆ ಬಂದು ಮಂಚದ ತುದಿಯಲ್ಲಿ ಕೂತರು.

"ಅಂವ ಬೇಕಂತ ಮಾಡಿದ್ನನೇ ಮಾರಾಯ್ತಿ? ಹಂದಿ ಕಾಟಕ್ಕೆ ಇಟ್ಟದ್ದು. ಜೈಲಿಗೆ ಹೋದ್ರೆ ಅವನ ಗತಿ ಎಂತ? ಕುಕ್ಕರ್ ಅಂತ್ಲೇ ಹೇಳಿಬಿಡು."

"ಉಂಡೆ ಬೇಕಂತ ಅಲ್ಲ, ಸರಿ. ನಂಗೆ ಸೀರೆ ಉಡ್ಸಿದ್ದು ಬೇಕಂತ ಅಲ್ವಾ ಅತ್ತೆ?"

ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೋದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ. ಉಮೇಶನ ಮೇಲೆ ಕೇಸಾಯಿತು. ಮನೆ ಮಾತನ್ನು ಬೀದಿಗೆ ತಂದವಳು ಎಂದು ಊರಿನವರು ನನ್ನನ್ನೇ ಆಡಿಕೊಂಡರು. ಅವನು ಹಂದಿ ಹೊಡೆದಾಗಲೆಲ್ಲ ಪಾಲು ತಿಂದವರು ಈ ಊರಿನವರೇ. ಮದ್ದು ಎಂಬ ಎರಡಕ್ಷರ ಒಬ್ಬರ ಬಾಯಿಂದಲೂ ಹೊರಡಲಿಲ್ಲ. ಮುಚ್ಚಿಟ್ಟದ್ದು ಮನೆಯ ಮಾನವಂತೆ. ಹೋದದ್ದು ನನ್ನ ಕಣ್ಣು.

ನಾನು ಬದುಕಿದ್ದೇನೆ. ಎಡಗಿವಿ ಮುಕ್ಕಾಲು ಸರಿಯಾಗಿದೆ. ಬೆರಳು ಒಂದಿಷ್ಟು ಮಡಚುತ್ತವೆ. ಆ ದೊಡ್ಡ ಗಂಟಲಿನ ಹುಡುಗಿ ತಣ್ಣಗಿರಲಿ. ಅವಳು ಸುಮ್ಮನೆ ಮಾತ್ರೆ ಕೊಟ್ಟು ಹೋಗಿದ್ದರೆ ಆ ಬೆಳಕು, ನೆರಳೂ ಇರುತ್ತಿರಲಿಲ್ಲ. ಮಳೆ ಬಂತು. ಬಚ್ಚಲ ಹಿಂದೆ ಕೆಸು ಎದೆಯೆತ್ತರ ಬೆಳೆಯಿತು. ಯಾರೂ ಕೊಯ್ಯಲಿಲ್ಲ. ಪತ್ರೊಡೆ ಮಾಡು ಎನ್ನುವ ಧೈರ್ಯ ಮನೆಯಲ್ಲಿ ಯಾರಿಗೂ ಬರಲಿಲ್ಲ.

ಹೋದ ವಾರ ಚೆಕಪ್‌ಗೆ ಹೋಗಿದ್ದೆವು. ಹೊಸ ಡಾಕ್ಟರು, ಚಿಕ್ಕ ವಯಸ್ಸಿನವರು. ಕಣ್ಣಿಗೆ ಟಾರ್ಚ್ ಬಿಟ್ಟು, "ಇದು ಹೇಗಾಯ್ತು?" ಎಂದು ಕೇಳಿದರು.

ನಾನು ಬೇಕೆಂದೇ ಬಾಯಿ ತೆರೆಯಲಿಲ್ಲ. ಇವರ ಕಡೆ ತಿರುಗಿ ಕೂತೆ. ಇವರು ಗೋಡೆ ನೋಡಿದರು. ಕೈಯಲ್ಲಿದ್ದ ಕೊಡೆ ತಿರುಗಿಸಿದರು. ನಾನು ಕಾದೆ.

"ಹಂದಿ ಉಂಡೆ ಸಾರ್," ಎಂದರು. "ನನ್ನ ತಮ್ಮ ಇಟ್ಟದ್ದು. ಕುಕ್ಕರ್ ಅಂತ ಸುಳ್ಳು ಹೇಳಿದ್ದು ನಾನು."

ಮೆಲ್ಲಗೆ ಹೇಳಿದರು. ಆದರೂ ನನಗೆ ಪೂರ್ತಿ ಕೇಳಿಸಿತು.