ತಳ ಮೊದಲು, ಜಗಳ ಆಮೇಲೆ

ಹೋದ ವಾರ ಪುದುಚೇರಿಯ ಸಮುದ್ರದೊಳಗೆ ನಾನು ನನ್ನ ನಾದಿನಿಯ ಜೊತೆ ಜಗಳವಾಡಿದೆ. ಒಂದೇ ಒಂದು ಮಾತನ್ನೂ ಆಡದೆ.

ಆದೋನಿಯವರಿಗೆ ಸಮುದ್ರವೇಕೆ ಎಂದು ಕೇಳುತ್ತೀರಿ. ನಮ್ಮ ಮನೆಯವರೂ ಅದನ್ನೇ ಕೇಳಿದರು. (ನಲ್ಲಿಯಲ್ಲಿ ನೀರು ಬಂದರೆ ಓಣಿಯೆಲ್ಲ ಎದ್ದು ಕೂರುವ ಊರು. ಪ್ರಶ್ನೆ ನ್ಯಾಯವಾದದ್ದೇ.) ಉತ್ತರ ಇಷ್ಟೇ: ಈರಮ್ಮ. ನನ್ನ ಗಂಡನ ತಂಗಿ. ದೇವನಕೊಂಡದಲ್ಲಿ ಅವರ ಅಪ್ಪನ ಹೊಲದ ಬಾವಿಯಲ್ಲಿ ಈಜು ಕಲಿತವಳು, ಮದುವೆಯಾಗಿ ಬಂದ ನನ್ನನ್ನೂ ಅದೇ ಬಾವಿಗೆ ತಳ್ಳಿ ಈಜು ಕಲಿಸಿದವಳು. ಅರವತ್ತು ದಾಟಿದ ಮೇಲೆ ಸ್ಕೂಬಾ ಕಲಿಯೋಣ ಎಂದಳು. ಡಾಕ್ಟರು ನಮ್ಮಿಬ್ಬರ ಎದೆ, ಕಿವಿ ಎಲ್ಲ ನೋಡಿ ಸರಿ ಎಂದರು. ಮೊದಲ ಕೋರ್ಸು ಮುಗಿಸಿದೆವು. ಈಗ ಎರಡನೆಯದು: ಒಂದೇ ಮುಳುಗಿನಲ್ಲಿ ಬೇರೆ ಬೇರೆ ಆಳಗಳಲ್ಲಿ ಇದ್ದು ಬರುವುದು. ಅದಕ್ಕೆ ಮಲ್ಟಿಲೆವೆಲ್ ಡೈವ್ ಎನ್ನುತ್ತಾರೆ. ನೀರಿಗಿಳಿಯುವ ಮುಂಚೆ ಪ್ಲಾನ್ ಮಾಡಬೇಕು.

ಪ್ಲಾನ್! ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ನಿವೃತ್ತಳಾದವಳಿಗೆ ಇದಕ್ಕಿಂತ ಸಿಹಿಯಾದ ಪದ ಯಾವುದಿದೆ?

ಕೂತು ಪ್ಲಾನ್ ಹಾಕಿದೆ. ಮೊದಲು ಮೇಲಿನ ನೀರು, ಮೈ ಹೊಂದಿಕೊಳ್ಳಲಿ. ಆಮೇಲೆ ನಡುವಿನ ನೀರು. ಕೊನೆಗೆ ತಳ. ಸುಲಭದಿಂದ ಕಷ್ಟಕ್ಕೆ, ಪಾಠ ಮಾಡುವವರೆಲ್ಲ ಹಾಗೆಯೇ ಅಲ್ಲವೇ? ಈರಮ್ಮನೂ ತಲೆಯಾಡಿಸಿದಳು. ಅವಳ ಕಾರಣ ಬೇರೆ. ನಮ್ಮ ಕಡೆ ಬಾವಿಯಲ್ಲಿ ಪಂದ್ಯ ಕಟ್ಟಿದರೆ, ತಳ ಮುಟ್ಟಿದೆ ಎಂದು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ. ಮುಷ್ಟಿ ತುಂಬ ಕೆಸರು ತಂದು ತೋರಿಸಬೇಕು. ಆಟವೆಲ್ಲ ಮುಗಿದ ಮೇಲೆ ಕೊನೆಯದಾಗಿ ಆ ಮುಳುಗು. ಮಣ್ಣು ಕೈಗೆ ಬಂದ ಕೂಡಲೇ ಬಾಣದಂತೆ ಮೇಲಕ್ಕೆ.

ಹೀಗೆ ಮದುವೆಯಾಗಿ ಬಂದಂದಿನಿಂದ ಮೊದಲ ಸಲ ನಾನು, ನಾದಿನಿ ಒಂದು ವಿಷಯದಲ್ಲಿ ಒಪ್ಪಿದೆವು. ಅಲ್ಲೇ ನನಗೆ ಅನುಮಾನ ಬರಬೇಕಿತ್ತು.

ನಮ್ಮ ಟೀಚರ್ ನೀಲಾ, ಮೂವತ್ತರ ಆಸುಪಾಸಿನವಳು. ಗಡಿನಾಡಿನ ನಮಗೆ ತೆಲುಗೂ ಬರುತ್ತದೆ, ಹಾಗಾಗಿ ತಮಿಳು ಬೆರೆತ ತೆಲುಗಿನಲ್ಲಿ ಪಾಠ. ಪ್ಲಾನ್ ನೋಡಿ, ಬಾವಿಯ ಕಥೆ ಕೇಳಿ, ಇದನ್ನು ಪೂರ್ತಿ ತಲೆಕೆಳಗು ಮಾಡಿ ಅಮ್ಮಾ ಎಂದಳು. ಬಾವಿಯಲ್ಲಿ ನೀವು ಮೇಲೆ ಎಳೆದುಕೊಂಡ ಒಂದೇ ಉಸಿರು ಕಟ್ಟಿ ಹೋಗುತ್ತೀರಿ. ಇಲ್ಲಿ ಆಳದಲ್ಲೇ ಸಿಲಿಂಡರಿನ ಗಾಳಿ ಉಸಿರಾಡುತ್ತೀರಿ. ನೀರಿನ ಒತ್ತಡಕ್ಕೆ ಗಾಳಿಯ ನೈಟ್ರೋಜನ್ ಮೈಯಲ್ಲಿ ಕರಗಿ ಸೇರುತ್ತದೆ. ಅದು ಹೊರಗೆ ಹೋಗಲು ಸಮಯ ಕೊಡದೆ ಸರ್ರನೆ ಮೇಲೆ ಬಂದರೆ? ಗೋಲಿ ಸೋಡಾ ಒಡೆದ ಹಾಗೆ, ರಕ್ತದಲ್ಲಿ ಗುಳ್ಳೆ. ಅದಕ್ಕೇ ತಳ ಮೊದಲು, ಆಮೇಲೆ ಹಂತ ಹಂತವಾಗಿ ಮೇಲೆ, ಕೊನೆಗೆ ಐದು ಮೀಟರಿನಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುವುದು. ಪ್ರತಿ ಹಂತಕ್ಕೂ ಇಷ್ಟೇ ಹೊತ್ತು ಎಂಬ ಮಿತಿ. ಒಮ್ಮೆ ಮೇಲಿನ ಹಂತಕ್ಕೆ ಬಂದವರು ಮತ್ತೆ ಕೆಳಗಿಳಿಯುವಂತಿಲ್ಲ.

ಯೋಚಿಸಿ ನೋಡಿ. ನಾವು ಹೋಗುವುದಕ್ಕೆ ಎಷ್ಟು ತಯಾರಿ ಮಾಡುತ್ತೇವೆ! ಬರುವುದಕ್ಕೆ? ಮದುವೆಗೆ ಹೊರಡುವ ಬಸ್ಸು ತಿಂಗಳ ಮುಂಚೆ ಗೊತ್ತಾಗಿರುತ್ತದೆ. ಊಟ ಮುಗಿಸಿ ವಾಪಸ್ ಹೇಗೆ ಎಂದು ಛತ್ರದ ಬಾಗಿಲಲ್ಲಿ ನಿಂತಾಗಲೇ ನೆನಪಾಗುವುದು.

ನೀಲಾ ಇನ್ನೊಂದು ಮಾತನ್ನೂ ಹೇಳಿದಳು. ನೀವಿಬ್ಬರೂ ಒಬ್ಬರಿಗೊಬ್ಬರು ಜೋಡಿ. ಒಬ್ಬರು ಪ್ಲಾನ್ ಮುರಿದರೆ ಇಬ್ಬರಿಗೂ ಡೈವ್ ಅಲ್ಲಿಗೇ ಮುಗಿಯಿತು. ಆ ಸಲಕ್ಕೆ ಇಬ್ಬರೂ ಮನೆಗೆ ಹೋಗುವುದೇ. ಈರಮ್ಮ ನನ್ನ ಕಡೆ ತಿರುಗಿ, "ಅತ್ತಿಗಿ, ಇಕಿ ನಿನಗಿಂತ ದೊಡ್ಡ ವಾರ್ಡನ್ ಅದಾಳ ನೋಡು" ಎಂದಳು.

ಮರುದಿನ ಇಳಿದೆವು. ತಳದಲ್ಲಿ ಬಂಡೆ, ಮಣ್ಣು, ಪಟ್ಟೆ ಪಟ್ಟೆ ಮೀನು. ಈರಮ್ಮ ತಳ ಮುಟ್ಟಿ, ಕಣ್ಣರಳಿಸಿ ಎಲ್ಲ ನೋಡಿದಳು. ಹೊತ್ತಾಯಿತೆಂದು ನೀಲಾ ಹೆಬ್ಬೆರಳು ಮೇಲೆತ್ತಿದಳು. ನಿಧಾನವಾಗಿ ನಡುವಿನ ಹಂತಕ್ಕೆ ಬಂದೆವು. ಎಲ್ಲ ಟೈಮ್‌ಟೇಬಲ್ ಪ್ರಕಾರ.

ಆಗ ಈರಮ್ಮನಿಗೆ ನೆನಪಾಯಿತು. ತನ್ನ ಖಾಲಿ ಮುಷ್ಟಿ ನೋಡಿಕೊಂಡಳು. ಕೆಳಗೆ ನೋಡಿದಳು. ಅವಳು ತಲೆ ಕೆಳಗೆ ಮಾಡಿಯೇಬಿಟ್ಟಳು!

ನೀಲಾ ಮುಂದೆ ಇದ್ದಳು, ಬೆನ್ನು ನಮ್ಮ ಕಡೆ. ಕೂಗೋಣವೆಂದರೆ ಬಾಯಲ್ಲಿ ಗಾಳಿಯ ನಳಿಗೆ. ಕೈಗೆ ಸಿಕ್ಕಿದ್ದು ಅವಳ ಮಣಿಕಟ್ಟು. ಹಿಡಿದೆ. ಎಳೆದಳು. ಬಿಡಲಿಲ್ಲ. ಕನ್ನಡಕದ ಒಳಗಿಂದ ದುರುಗುಟ್ಟಿದಳು. ನಾನೂ ದುರುಗುಟ್ಟಿದೆ. ಒಂದು ಮೀನು ನಮ್ಮಿಬ್ಬರ ನಡುವೆ ಹಾದುಹೋಯಿತು, ಪಂಚಾಯ್ತಿಗೆ ಬಂದಂತೆ. ಆಮೇಲೆ ಅವಳ ತೋಳು ಸಡಿಲವಾಯಿತು. ಐದು ಮೀಟರಿನಲ್ಲಿ ನಿಂತಾಗಲೂ ನಾನು ಕೈ ಬಿಟ್ಟಿರಲಿಲ್ಲ. ಸಿಟ್ಟಿಗಲ್ಲ. ಬಿಡಲು ಮನಸ್ಸು ಬರಲಿಲ್ಲ, ಅಷ್ಟೇ.

ದೋಣಿ ಹತ್ತಿದ ಮೇಲೆ ಬೈಗುಳಕ್ಕೆ ತಯಾರಾಗಿ ಕೂತೆ. ಈರಮ್ಮ ಕೂದಲು ಹಿಂಡಿಕೊಂಡಳು. ಕೆಳಗೆ ಮಣ್ಣು ಐತಿ, ನಾ ಮುಟ್ಟೀನಿ, ಯಾರು ನಂಬಲಿ ಬಿಡಲಿ ಎಂದು ತನಗೆ ತಾನೇ ಗೊಣಗಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಇಷ್ಟು ವರ್ಷ ನೀ ಬಾಯಿ ಮಾಡಿ ಹೇಳಿದ್ದು ಒಂದೂ ನಾ ಕೇಳಿಲ್ಲ ಅತ್ತಿಗಿ. ಇವತ್ತು ಸುಮ್ಮನ ಕೈ ಹಿಡದಿ. ಅದಕ್ಕ ಕೇಳಿದೆ."

ಸಮುದ್ರದಲ್ಲಾದರೆ ಬಾಯಲ್ಲಿ ನಳಿಗೆ ಇತ್ತು. ಮನೆಯಲ್ಲಿ ಏನಿಟ್ಟುಕೊಳ್ಳಲಿ, ಹೇಳಿ?